ನೂರೆಂಬತ್ತು ಪೇಟೆಂಟು, ಒಂದು ಚಮಚ ಸೀಸ

ವರ್ಷಕ್ಕೊಂದು ಸಲ ನಮ್ಮ ಕಂಪನಿಗಳಲ್ಲಿ 'ಇನ್ನೋವೇಶನ್ ಡೇ' ಅಂತ ಒಂದು ಹಬ್ಬ ನಡೆಯುತ್ತದೆ. ಎಳ್ಳು-ಬೆಲ್ಲದ ಬದಲು ಟೀ ಶರ್ಟ್ ಹಂಚುತ್ತಾರೆ. ಹೊರಗಿನಿಂದ ಬಂದ ಭಾಷಣಕಾರರು ಒಬ್ಬ ಮಹಾನುಭಾವನ ಫೋಟೋ ಹಾಕಿ, ಅವನ ಹೆಸರಲ್ಲಿ ಎಷ್ಟು ಪೇಟೆಂಟ್ ಇದ್ದವು ಅಂತ ನಮ್ಮ ಕೈಲೇ ಊಹೆ ಮಾಡಿಸ್ತಾರೆ. ಎರಡು ವರ್ಷದ ಹಿಂದೆ ನಮಗೆ ಸಿಕ್ಕ ಮಹಾನುಭಾವ ಚಾರ್ಲ್ಸ್ ಕೆಟರಿಂಗ್. ಉತ್ತರ, ನೂರೆಂಬತ್ತಕ್ಕೂ ಜಾಸ್ತಿ. ಚಪ್ಪಾಳೆ.

ಚಪ್ಪಾಳೆಗೆ ನನ್ನದೇನೂ ತಕರಾರಿಲ್ಲ. ಕೆಟರಿಂಗ್ ಅಮೆರಿಕದ ಒಹಾಯೊದ ಹಳ್ಳಿ ಕಡೆಯವನು, ರೈತನ ಮಗ. ಊರ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಕಣ್ಣಿನ ತೊಂದರೆಯಿಂದ ಓದು ಅರ್ಧಕ್ಕೆ ಬಿಟ್ಟು, ಮತ್ತೆ ಹಿಡಿದು, 1904ರಲ್ಲಿ ಎಂಜಿನಿಯರ್ ಆದ. ಅವನ ಸೆಲ್ಫ್ ಸ್ಟಾರ್ಟರ್ ಎಂಥಾ ಕೆಲಸ ಅನ್ನೋದು ನಿಮ್ಮಲ್ಲಿ ಹಳ್ಳಿಯಿಂದ ಬಂದವರಿಗೆ ಬೇಗ ಅರ್ಥವಾದೀತು. ನಮ್ಮೂರಲ್ಲಿ ಡೀಸೆಲ್ ಪಂಪ್‌ಸೆಟ್ಟಿಗೆ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಕೊಬೇಕು, ಸುತ್ತಿ ಹಿಡೀಬಾರದು ಅನ್ನೋದು ಎಂಜಿನ್ ವಿಷಯದಲ್ಲಿ ನನಗೆ ಸಿಕ್ಕ ಮೊದಲ ಪಾಠ. ಎಂಜಿನ್ ತಿರುಗಿ ಒದ್ದರೆ ಮಣಿಕಟ್ಟೇ ಹೋಗುತ್ತೆ. ಆ ಕಾಲದ ಕಾರುಗಳೂ ಹೀಗೇ ಒದೀತಿದ್ದವು. ಎಂಜಿನ್ ತಿರುಗಿಸೋವಷ್ಟು ದೊಡ್ಡ ಮೋಟರು, ಬ್ಯಾಟರಿ ಕಾರಿನಲ್ಲಿ ಹಿಡಿಸೋದಿಲ್ಲ ಅಂತ ಬಲ್ಲವರು ಲೆಕ್ಕ ಹಾಕಿ ಕೂತಿದ್ದರು. ಕೆಟರಿಂಗ್ ಅದಕ್ಕೆ ಮುಂಚೆ ಅಂಗಡಿಯ ಕ್ಯಾಶ್ ರಿಜಿಸ್ಟರಿಗೆ ಮೋಟರು ಕೂರಿಸಿದ್ದವನು. ದಿನವಿಡೀ ಓಡಬೇಕಾದ ಮೋಟರಿನ ಲೆಕ್ಕವೇ ಬೇರೆ, ನಾಲ್ಕು ಸೆಕೆಂಡು ದುಡಿದು ಸುಮ್ಮನಾಗೋ ಮೋಟರಿನ ಲೆಕ್ಕವೇ ಬೇರೆ ಅಂತ ಅವನಿಗೆ ಗೊತ್ತಿತ್ತು. ಪುಟ್ಟ ಮೋಟರಿನಿಂದಲೇ ಕೆಲಸ ಆಯ್ತು. ಎಂಜಿನ್ ಓಡತೊಡಗಿದ ಮೇಲೆ ಅದೇ ಮೋಟರು ಜನರೇಟರ್ ಆಗಿ ಬ್ಯಾಟರಿ ಚಾರ್ಜ್ ಮಾಡುತ್ತಿತ್ತು. 1912ರ ಮಾಡೆಲ್ ಕ್ಯಾಡಿಲಾಕ್‌ನಲ್ಲಿ ಬಂತು. ಹೊಗಳಬೇಕಾದ್ದೇ.

ಸ್ಲೈಡಿನಲ್ಲಿ ಇನ್ನೂ ಇತ್ತು. ಜನರಲ್ ಮೋಟರ್ಸ್‌ನ ಸಂಶೋಧನಾ ವಿಭಾಗವನ್ನು ದಶಕಗಟ್ಟಲೆ ನಡೆಸಿದ್ದು, ಪೆನಿಸಿಲಿನ್ ಬರೋ ಮುಂಚೆ ರೋಗಿಯ ಮೈಬಿಸಿ ಏರಿಸಿ ಸಿಫಿಲಿಸ್‌ಗೆ ಚಿಕಿತ್ಸೆ ಕೊಡೋ 'ಹೈಪರ್‌ಥರ್ಮ್' ಪೆಟ್ಟಿಗೆ, 1945ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಸ್ಲೋನ್-ಕೆಟರಿಂಗ್ ಕ್ಯಾನ್ಸರ್ ಸಂಸ್ಥೆ. ಅವನು ನಿವೃತ್ತನಾದ ಮೇಲೂ ಅದೇ ವಿಭಾಗದ ಎಂಜಿನಿಯರುಗಳು ಡಾ. ಡಾಡ್ರಿಲ್ ಅನ್ನೋ ಸರ್ಜನ್ ಜೊತೆ ಕೂತು ಹೃದಯದ ಪಂಪ್ ಒಂದನ್ನು ಕಟ್ಟಿದರು. ಹನ್ನೆರಡು ಸಿಲಿಂಡರು, ನೋಡೋಕೆ ಥೇಟ್ ವಿ-12 ಕಾರ್ ಎಂಜಿನ್. 1952ರ ಜುಲೈ 3ರಂದು ಡೆಟ್ರಾಯಿಟ್‌ನ ಹಾರ್ಪರ್ ಆಸ್ಪತ್ರೆಯಲ್ಲಿ 41 ವರ್ಷದ ಒಬ್ಬರ ಹೃದಯದ ಎಡಭಾಗದ ಕೆಲಸವನ್ನು ಅದು ಸುಮಾರು 50 ನಿಮಿಷ ಮಾಡಿತು. ಅವರು ಬದುಕಿ ಉಳಿದರು.

ಸ್ಲೈಡು ಅಲ್ಲಿಗೇ ಮುಗೀತು. ನನ್ನ ತಕರಾರು ಶುರುವಾಗೋದು ಇಲ್ಲಿಂದ.

ಎಂಜಿನ್ ಸಿಲಿಂಡರಿನಲ್ಲಿ ಪೆಟ್ರೋಲು-ಗಾಳಿಯನ್ನು ಜಾಸ್ತಿ ಒತ್ತಿದಷ್ಟೂ ಅದೇ ಪೆಟ್ರೋಲಿನಿಂದ ಜಾಸ್ತಿ ಕೆಲಸ ತೆಗೀಬಹುದು. ಆದರೆ ತೀರಾ ಒತ್ತಿದರೆ ಸ್ಪಾರ್ಕ್‌ನ ಬೆಂಕಿ ತಲುಪೋ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ತಾನಾಗೇ ಸಿಡಿದು ಟಕ ಟಕ ಅಂತ ಬಡಿಯುತ್ತೆ. ಅದಕ್ಕೆ ನಾಕಿಂಗ್ ಅಂತಾರೆ. ಅದಕ್ಕೆ ಮದ್ದು ಹುಡುಕೋ ಕೆಲಸವನ್ನು ಕೆಟರಿಂಗ್ ತನ್ನ ಕೈಕೆಳಗಿನ ಥಾಮಸ್ ಮಿಡ್‌ಗ್ಲಿಗೆ ಒಪ್ಪಿಸಿದ. ಅವರಿಗೆ ಮೊದಲು ಸಿಕ್ಕ ಒಳ್ಳೆ ಮದ್ದುಗಳಲ್ಲಿ ಆಲ್ಕೋಹಾಲ್ ಒಂದು. ಅದು ಕೆಲಸ ಮಾಡುತ್ತೆ ಅಂತ ಅವರೇ ಬರೆದರು, ಹೇಳಿದರು. ಆದರೆ ಆಲ್ಕೋಹಾಲ್ ಯಾರ ಸ್ವತ್ತು ಸ್ವಾಮಿ? ಜೋಳ, ಆಲೂಗಡ್ಡೆ, ಕಬ್ಬಿನ ಕಾಕಂಬಿ, ಯಾವುದರಿಂದ ಬೇಕಾದರೂ ಯಾರು ಬೇಕಾದರೂ ಭಟ್ಟಿ ಇಳಿಸಬಹುದು. ಅದರ ಮೇಲೆ ಬೀಗ ಹಾಕೋಕಾಗಲ್ಲ. 1921ರ ಡಿಸೆಂಬರಿನಲ್ಲಿ ಮಿಡ್‌ಗ್ಲಿಗೆ ಇನ್ನೊಂದು ಸಿಕ್ಕಿತು, ಟೆಟ್ರಾಈಥೈಲ್ ಲೆಡ್. ಅಂದರೆ ಸೀಸ. ಗ್ಯಾಲನ್ ಪೆಟ್ರೋಲಿಗೆ ಒಂದು ಚಮಚಕ್ಕಿಂತ ಕಡಿಮೆ ಸಾಕು. ವಸ್ತು ಹಳೇದು, ಹತ್ತೊಂಬತ್ತನೇ ಶತಮಾನದಲ್ಲೇ ಜರ್ಮನ್ನರು ತಯಾರಿಸಿದ್ದರು, ವಿಷ ಅಂತಲೂ ಗೊತ್ತಿತ್ತು. ಆದರೆ ನಾಕಿಂಗ್‌ಗೆ ಅದನ್ನು ಬಳಸೋದು ಹೊಸದು. ಹೊಸದು ಅಂದಮೇಲೆ ಪೇಟೆಂಟ್ ಮಾಡಬಹುದು. ಮಾಡಿದರು.

ಆಲ್ಕೋಹಾಲಿಗೂ ಅದರದೇ ತಾಪತ್ರಯ ಇದ್ದವು. ನೀರು ಸೇರಿದರೆ ಪೆಟ್ರೋಲಿನಿಂದ ಬೇರೆಯಾಗುತ್ತೆ, ಬಹಳ ಬೇಕು, ಮೈಲೇಜ್ ಕಮ್ಮಿ. ಅಮೆರಿಕದಲ್ಲಿ ಆಗ ಪಾನನಿಷೇಧ ಬೇರೆ. ಸರಿ. ಆದರೆ ಇವೆಲ್ಲ ಎಂಜಿನಿಯರುಗಳು ಕೂತು ಬಿಡಿಸಬಹುದಾದ ಗಂಟುಗಳು. ಮಕ್ಕಳ ಮಿದುಳಿಗೆ ಹೋದ ಸೀಸವನ್ನು ಯಾವ ಎಂಜಿನಿಯರ್ ವಾಪಸ್ ತೆಗೀತಾನೆ?

"ಆ ಕಾಲಕ್ಕೆ ಗೊತ್ತಿರಲಿಲ್ಲ ಬಿಡಿ" ಅಂತ ಹೇಳೋರು ಇದ್ದಾರೆ. ಗೊತ್ತಿತ್ತು. 1923ರ ಆರಂಭದಲ್ಲಿ ಸ್ವತಃ ಮಿಡ್‌ಗ್ಲಿಯೇ ಸೀಸದ ವಿಷದಿಂದ ಸುಧಾರಿಸಿಕೊಳ್ಳೋಕೆ ಫ್ಲಾರಿಡಾಕ್ಕೆ ಹೋಗಿದ್ದ. 1924ರಲ್ಲಿ ಇದನ್ನು ಮಾರೋಕೆ ಅಂತಲೇ ಜನರಲ್ ಮೋಟರ್ಸೂ ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲೂ ಸೇರಿ ಒಂದು ಕಂಪನಿ ಮಾಡಿದವು. ಅಧ್ಯಕ್ಷ ಕೆಟರಿಂಗ್. ಹೆಸರು 'ಈಥೈಲ್'. ಸೀಸ ಅನ್ನೋ ಪದವೇ ಇಲ್ಲದ ಹೆಸರು, ಗಮನಿಸಿ. ಅದೇ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಇದನ್ನು ತಯಾರಿಸುತ್ತಿದ್ದ ಕೂಲಿಯವರು ಬುದ್ಧಿ ಕೆಟ್ಟು, ಮೈ ನಡುಗಿ ಬಿದ್ದರು. ಐದು ಜನ ಸತ್ತರು. ಮಿಡ್‌ಗ್ಲಿ ಪತ್ರಕರ್ತರನ್ನು ಕರೆದು ಅವರೆದುರೇ ಆ ದ್ರವದಲ್ಲಿ ಕೈ ತೊಳೆದು ತೋರಿಸಿದ. ಮುಂದಿನ ವರ್ಷ ವಾಷಿಂಗ್ಟನ್‌ನಲ್ಲಿ ಸಭೆ ನಡೆದಾಗ ಆಲಿಸ್ ಹ್ಯಾಮಿಲ್ಟನ್‌ರಂಥ ವೈದ್ಯೆ ಎದ್ದು ನಿಂತು ವಿರೋಧಿಸಿದರು. ಇವರ ಕಡೆಯ ಉತ್ತರ ಏನು? ಇದಕ್ಕೆ ಬದಲಿ ಇಲ್ಲ. ನಾಲ್ಕು ವರ್ಷದ ಹಿಂದೆ ಆಲ್ಕೋಹಾಲನ್ನು ಕೊಂಡಾಡಿದವರೇ!

ಮುಂದಿನದು ದುಡ್ಡಿನ ಕಥೆ, ಬೇಗ ಹೇಳಿ ಮುಗಿಸ್ತೀನಿ. ಪೇಟೆಂಟ್ ಅವಧಿ ಮುಗೀತು, ಜನರಲ್ ಮೋಟರ್ಸ್ 1962ರಲ್ಲಿ ತನ್ನ ಪಾಲು ಮಾರಿ ಕೈ ತೊಳೆದುಕೊಂಡಿತು. 1975ರ ಹೊತ್ತಿಗೆ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಬಂದಾಗ ಅದೇ ಕಂಪನಿಗೆ ಸೀಸವಿಲ್ಲದ ಪೆಟ್ರೋಲು ಬೇಕಾಯ್ತು, ಯಾಕಂದ್ರೆ ಸೀಸ ಕನ್ವರ್ಟರನ್ನು ಹಾಳು ಮಾಡುತ್ತೆ. ನಮ್ಮ ದೇಶದಲ್ಲಿ ಅದು ಹೋಗಿದ್ದು 2000ದಲ್ಲಿ. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾದಲ್ಲಿ, 2021ರಲ್ಲಿ. ತೊಂಬತ್ತರ ದಶಕದ ಕೊನೆಗೆ ಬೆಂಗಳೂರಿನ ಜಾರ್ಜ್ ಫೌಂಡೇಶನ್ ನಮ್ಮ ಕೆಲವು ನಗರಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ, ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಸೀಸ ಆಗಿನ ಮಿತಿಯನ್ನು ಮೀರಿತ್ತು. ಆ ಮಕ್ಕಳಿಗೆ ಈಗ ಹೆಚ್ಚು ಕಡಿಮೆ ನಮ್ಮದೇ ವಯಸ್ಸು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಮ್ಮ ಪಕ್ಕದಲ್ಲೇ ನಿಂತಿರ್ತಾರೆ. ಮತ್ತೆ ಇವತ್ತು ಬಂಕಿನಲ್ಲಿ ನೀವು ಹಾಕಿಸೋ ಇ-20ಯಲ್ಲಿ ಇರೋದೇನು? ಎಥೆನಾಲ್. ಮಂಡ್ಯದ ಕಬ್ಬು ಅರೆದು ತೆಗೆಯೋ ಅದೇ ಆಲ್ಕೋಹಾಲ್. ಮೈಲೇಜ್ ಬರಲ್ಲ ಅಂತ ಬೈಯೋರು ಬೈಯಲಿ, ಅದು ಬೇರೆ ಜಗಳ. ನೂರು ವರ್ಷದ ಹಿಂದೆ ಪಕ್ಕಕ್ಕೆ ಸರಿಸಿದ್ದನ್ನೇ ಸುತ್ತು ಹಾಕಿ ವಾಪಸ್ ತಂದಿದ್ದೀವಿ.

ಹಾಗಾಗಿ ನೂರೆಂಬತ್ತು ಅನ್ನೋ ಅಂಕಿ ನನಗೆ ಏನನ್ನೂ ಹೇಳೋದಿಲ್ಲ. ಸ್ಟಾರ್ಟರಿನ ಪೇಟೆಂಟು ಒಂದು, ಸೀಸದ ಬಾಬ್ತಿಗೆ ಪಡೆದದ್ದೂ ಒಂದು. ಗೋಡೆಗೆ ನೇತು ಹಾಕಿದರೆ ಫಲಕ ಒಂದೇ ಸೈಜು. ಇದು ಹೊಸದೇ, ಇದರ ಒಡೆತನ ಯಾರದು ಅನ್ನೋದನ್ನಷ್ಟೇ ಪೇಟೆಂಟ್ ಕಚೇರಿ ಕೇಳುತ್ತೆ. ಒಳ್ಳೇದೇ ಅಂತ ಕೇಳೋದು ಅದರ ಕೆಲಸ ಅಲ್ಲ. ಹಾಗಾದರೆ ಕೇಳೋರು ಯಾರು? ನಾವೇ, ಎಂಜಿನಿಯರುಗಳು, ಕೇಳಬೇಕಿತ್ತು. ನಾವು ಅಪ್ರೈಸಲ್ ಫಾರ್ಮಿನಲ್ಲಿ 'ಪೇಟೆಂಟ್ ಫೈಲ್ಡ್: 2' ಅಂತ ತುಂಬಿಸ್ತಾ ಕೂತಿದ್ದೀವಿ.

ಹಳೇ ಕಥೆ ಅನ್ನಬೇಡಿ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಐಸಿಯು ಮಾನಿಟರಿನ ಸಾಫ್ಟ್‌ವೇರ್ ಬರೀತಿದ್ವಿ. ಅಲಾರಂಗಳ ಕಾಟ ತಡೆಯೋಕಾಗಲ್ಲ ಅಂತ ಆಸ್ಪತ್ರೆಯಿಂದ ದೂರು. ರೋಗಿ ಕೈ ಅಲ್ಲಾಡಿಸಿ ಬೆರಳಿನ ಕ್ಲಿಪ್ ಸ್ವಲ್ಪ ಸರಿದರೂ ಕೂಗುತ್ತೆ. ದಿನಾ ಸುಳ್ಳು ಅಲಾರಂ ಕೇಳಿ ಕೇಳಿ ಸಿಸ್ಟರ್‌ಗಳು ನಿಜವಾದ ಅಲಾರಮಿಗೂ ತಲೆ ಎತ್ತೋದು ನಿಲ್ಲಿಸ್ತಾರೆ, ಪ್ರಾಣ ಹೋಗೋ ವಿಷಯ. ನಮ್ಮ ಟೀಮಿನ ಒಬ್ಬಳು ಹುಡುಗಿ ಎರಡು ವಾರ ವಾರ್ಡಿನಲ್ಲಿ ನಿಂತು ನೋಡಿ ಬಂದು, ತೀರಾ ಅಪಾಯವಲ್ಲದ ಅಲಾರಮಿಗೆ ಕೆಲವು ಸೆಕೆಂಡು ಕಾಯಿಸೋಣ, ಕ್ಲಿಪ್ ಸರಿದಿದ್ದಕ್ಕೆ ಬೇರೆ ದನಿ ಕೊಡೋಣ ಅಂದಳು. ಮೀಟಿಂಗಿನಲ್ಲಿ ಬಂದ ಮೊದಲ ಪ್ರಶ್ನೆ, "ಇದ್ರಲ್ಲಿ ಪೇಟೆಂಟ್ ಬರುತ್ತಾ?" ಬರಲ್ಲ, ಎಲ್ಲರಿಗೂ ಗೊತ್ತಿರೋ ಉಪಾಯ. ಅದರ ಬದಲು ಅಲಾರಂ ನಿಜವೋ ಸುಳ್ಳೋ ಅಂತ ಊಹಿಸೋ ಮಾಡೆಲ್ ಒಂದನ್ನು ಎತ್ತಿಕೊಂಡರು. ಪೇಟೆಂಟ್ ಅರ್ಜಿ ಹೋಯ್ತು, ಕೇಕ್ ಕತ್ತರಿಸಿದರು. ನಾನು ಕೆಲಸ ಬಿಡೋ ಹೊತ್ತಿಗೂ ಆ ಮಾಡೆಲ್ ಮಾನಿಟರಿನೊಳಗೆ ಹೋಗಿರಲಿಲ್ಲ.

ಪೇಟೆಂಟೇ ಬೇಡ ಅಂತ ನಾನು ಹೇಳ್ತಿಲ್ಲ. ವರ್ಷಗಟ್ಟಲೆ ದುಡಿದದ್ದನ್ನು ಇನ್ನೊಬ್ಬ ನಾಳೆ ಬೆಳಗ್ಗೆ ಕದ್ದರೆ ಯಾರು ದುಡೀತಾರೆ? ನಾನು ಕೇಳೋದು ಇಷ್ಟು. ಹೊಸ ಐಡಿಯಾ ಬಂದಾಗ ನಾವು ತುಂಬೋ ಫಾರ್ಮಿನಲ್ಲಿ ಹತ್ತಾರು ಕಾಲಂ ಇವೆ. ಯಾರು ಕಂಡುಹಿಡಿದದ್ದು, ಯಾವತ್ತು, ಹಿಂದೆ ಇಂಥದ್ದು ಏನಿತ್ತು. ಅದಕ್ಕೆ ಇನ್ನೊಂದು ಸೇರಿಸಲಿ: ಪೇಟೆಂಟ್ ಸಿಗೋದಿಲ್ಲ ಅಂತ ಪಕ್ಕಕ್ಕಿಟ್ಟ ಉಪಾಯ ಯಾವುದು, ಅದಕ್ಕಿಂತ ಇದು ಹೇಗೆ ಮೇಲು? ಕೆಟರಿಂಗ್ ಸ್ಲೈಡ್ ನೋಡಿದ ವಾರವೇ ನಾನು ಇದನ್ನು ಬರೆದು ಮೇಲಿನವರಿಗೆ ಕಳಿಸಿದ್ದೆ. ಉತ್ತರ ಬೇಗ ಬಂತು. ಒಳ್ಳೆ ಸಲಹೆಯಂತೆ, ಆದರೆ ಅಂಥದ್ದೆಲ್ಲ ಬರವಣಿಗೆಯಲ್ಲಿ ಇರೋದನ್ನು ಲೀಗಲ್‌ನವರು ಒಪ್ಪೋದಿಲ್ಲವಂತೆ.