ಬೇರೆ ಆಸ್ಪತ್ರೆಗೆ ಕಳುಹಿಸುವ ಮುನ್ನ ಮೊದಲ ಡೋಸ್ ಕೊಡಿ: ಪಾಲಿಕೆ ಆಯುಕ್ತರಿಗೆ ಮನವಿ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಬೃಹನ್ಮುಂಬಯಿ ಮಹಾನಗರ ಪಾಲಿಕೆ,
ಮಹಾಪಾಲಿಕಾ ಮಾರ್ಗ, ಫೋರ್ಟ್, ಮುಂಬಯಿ.

ಇವರಿಂದ,
ಪೂರ್ವ ಉಪನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು (ಸಹಿಗಳು ಕೊನೆಯ ಪುಟಗಳಲ್ಲಿವೆ).

ವಿಷಯ: ತೀವ್ರ ರಕ್ತದೊತ್ತಡವಿರುವ ಗರ್ಭಿಣಿಯರನ್ನು ಪ್ರಥಮ ಚಿಕಿತ್ಸೆ ಕೊಡದೆ ಬೇರೆ ಆಸ್ಪತ್ರೆಗೆ ಸಾಗಹಾಕುವುದನ್ನು ತಡೆಯುವ ಬಗ್ಗೆ.

ಉಲ್ಲೇಖ: ಇದೇ ವಿಷಯವಾಗಿ ವಾರ್ಡ್ ಕಚೇರಿಗೆ ನಾವು ಸಲ್ಲಿಸಿದ್ದ ಹಿಂದಿನ ಮನವಿಗಳು (ಸ್ವೀಕೃತಿ ಮೊಹರಿರುವ ಪ್ರತಿಗಳು, ಲಗತ್ತು 1).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ನಮ್ಮ ಹಿಂದಿನ ಮನವಿಗಳಿಗೆ ವಾರ್ಡ್ ಕಚೇರಿಯಿಂದ ಮೊಹರು ಸಿಕ್ಕಿತೇ ಹೊರತು ಉತ್ತರ ಸಿಗಲಿಲ್ಲ. ಕಳೆದ ಮಳೆಗಾಲದಲ್ಲಿ ನಮ್ಮವರ ಪೈಕಿ ಒಬ್ಬ ಹೆಣ್ಣುಮಗಳು ತೀರಿಕೊಂಡ ಮೇಲೆ ಮಾತ್ರ ಒಂದು ಸಾಲಿನ ಉತ್ತರ ಬಂತು: ರೋಗಿಯನ್ನು ಸಕಾಲದಲ್ಲಿ ಉನ್ನತ ಕೇಂದ್ರಕ್ಕೆ ಕಳುಹಿಸಲಾಗಿದೆ. ಆ ಸಾಲನ್ನು ಓದಿದ ಮೇಲೆ ಸುಮ್ಮನಿರುವುದು ನಮ್ಮಿಂದ ಆಗಲಿಲ್ಲ. ಆದ್ದರಿಂದ ನೇರವಾಗಿ ತಮ್ಮ ಬಳಿಗೆ ಬಂದಿದ್ದೇವೆ. ಸಹಿ ಮಾಡುವವರೆಲ್ಲ ಓದಿ, ಓದಲು ಬಾರದವರು ಓದಿಸಿ ಕೇಳಿ ಸಹಿ ಮಾಡಬೇಕೆಂದು ಮನವಿಯನ್ನು ಕನ್ನಡದಲ್ಲೇ ಬರೆದಿದ್ದೇವೆ. ಕಚೇರಿಯ ಅನುಕೂಲಕ್ಕಾಗಿ ಮರಾಠಿ ಪ್ರತಿ ಜೊತೆಗಿದೆ.

ತೀರಿಕೊಂಡವಳು ಯಾದಗಿರಿ ಜಿಲ್ಲೆಯಿಂದ ಬಂದು ನಾಕಾದಲ್ಲಿ ನಿಂತು ಕಟ್ಟಡ ಕೂಲಿಗೆ ಹೋಗುವ ಕುಟುಂಬದ ಸೊಸೆ. ಚೊಚ್ಚಲ ಬಸಿರು. ಅವಳ ತಪಾಸಣೆ ಕಾರ್ಡಿನ ಪ್ರತಿಯನ್ನು ಹೆಸರು ಅಳಿಸಿ, ಮನೆಯವರ ಒಪ್ಪಿಗೆ ಪಡೆದು ಲಗತ್ತಿಸಿದ್ದೇವೆ (ಲಗತ್ತು 2). 28ನೇ ವಾರದಲ್ಲಿ ಬಿಪಿ 118/76. 32ನೇ ವಾರದಲ್ಲಿ 142/92. 20 ವಾರ ದಾಟಿದ ಗರ್ಭಿಣಿಗೆ 140/90 ಮುಟ್ಟಿದರೆ ಮೂತ್ರದಲ್ಲಿ ಪ್ರೊಟೀನ್ ಇದೆಯೇ ಎಂದು ನೋಡಬೇಕು, ಬಿಪಿಯನ್ನು ಮತ್ತೆ ಬೇಗ ಪರೀಕ್ಷಿಸಬೇಕು ಎಂಬುದನ್ನು ತಮ್ಮ ಇಲಾಖೆಗೆ ನಾವು ಹೇಳಿಕೊಡಬೇಕಾಗಿಲ್ಲ. ಕಾರ್ಡಿನಲ್ಲಿ ಮೂತ್ರ ಪರೀಕ್ಷೆಯ ಕಲಂ ಖಾಲಿಯಿದೆ. ಮುಂದಿನ ತಪಾಸಣೆಯ ದಿನಾಂಕವನ್ನು ನಾಲ್ಕು ವಾರ ಬಿಟ್ಟು ಕೊಡಲಾಗಿದೆ. ಆ ದಿನ ಬರುವ ಮೊದಲೇ ಒಂದು ರಾತ್ರಿ ಅವಳು ಅತ್ತೆಯ ಜೊತೆ ಹತ್ತಿರದ ಹೆರಿಗೆ ಆಸ್ಪತ್ರೆಗೆ ಹೋದಳು. "ತಲಿ ಸಿಡಿಲಿಕತ್ತದ, ಕಣ್ಣಿಗಿ ಮಬ್ಬ ಬರ್ಲಿಕತ್ತದ, ಎದಿಗುಂಡಿ ಕೆಳಗ ಭಾಳ ಬ್ಯಾನಿ ಅದ" ಎಂದು ಹೇಳಿದ್ದಾಳೆ. ಅಲ್ಲಿ ಯಾರಿಗೂ ಅವಳ ಕನ್ನಡ ತಿಳಿದಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟು ತೋರಿಸಿದ್ದಕ್ಕೆ ಗ್ಯಾಸಿನ ಗುಳಿಗೆ ಕೊಟ್ಟಿದ್ದಾರೆ. ಬಿಪಿ ನೋಡಿದ್ದು ಆಮೇಲೆ: 176/114.

ಇನ್ನು ಲಗತ್ತು 3 ನೋಡಬೇಕು. ಅದು ಅಂಗೈಯಗಲದ ಚೀಟಿ. "ಬಿಪಿ ಹೈ, ಮುಂದಕ್ಕೆ ಕಳುಹಿಸಿದೆ" ಎಂಬರ್ಥದ ಒಂದು ಸಾಲು ಬಿಟ್ಟರೆ ಅದರಲ್ಲಿ ಹೊರಟ ಸಮಯವಿಲ್ಲ, ಕಳುಹಿಸಿದವರ ಹೆಸರಿಲ್ಲ, ಯಾವ ಆಸ್ಪತ್ರೆಗೆ ಎಂಬುದಿಲ್ಲ. ಕೊಟ್ಟ ಔಷಧವನ್ನೂ ಬರೆದಿಲ್ಲ, ಏಕೆಂದರೆ ಏನನ್ನೂ ಕೊಟ್ಟಿರಲಿಲ್ಲ. ಗಂಡ ರಿಕ್ಷಾ ತಂದ. ಮೊದಲು ಹೋದ ಆಸ್ಪತ್ರೆಯಲ್ಲಿ ನವಜಾತ ಶಿಶು ವಿಭಾಗ ತುಂಬಿದೆ ಎಂದು ಬಾಗಿಲಲ್ಲೇ ಹೇಳಿ ಮುಂದಕ್ಕೆ ಕಳುಹಿಸಿದರು. ಅದಕ್ಕೆ ಚೀಟಿಯೂ ಇಲ್ಲ. ಎರಡನೆಯ ಆಸ್ಪತ್ರೆಯ ದಾರಿಯಲ್ಲಿ, ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಿದ್ದಾಗ, ಅವಳಿಗೆ ಫಿಟ್ಸ್ ಬಂತು. ಅತ್ತೆ ತನ್ನ ಸೆರಗಿನ ತುದಿಯನ್ನು ಅವಳ ಹಲ್ಲುಗಳ ನಡುವೆ ತುರುಕಿದಳು. ಬೇರೇನು ಮಾಡಬೇಕೆಂದು ಅವಳಿಗೆ ಯಾರು ಹೇಳಿದ್ದರು? ಮಗು ಬದುಕಿದೆ. ತಾಯಿಯ ಪ್ಲೇಟ್‌ಲೆಟ್ ಕುಸಿದು, ಯಕೃತ್ತು ಕೈಕೊಟ್ಟು, ಅವಳು ಉಳಿಯಲಿಲ್ಲ.

ಮಾನ್ಯರೇ, ಫಿಟ್ಸ್ ತಡೆಯುವ ಔಷಧ ಮ್ಯಾಗ್ನೀಸಿಯಂ ಸಲ್ಫೇಟ್. ಡಯಜೆಪಾಮ್ ಮತ್ತು ಫೆನಿಟಾಯಿನ್‌ಗಿಂತ ಇದೇ ಮೇಲು ಎಂದು 1995ರಲ್ಲೇ ಹಲವು ದೇಶಗಳಲ್ಲಿ ನಡೆದ ಪರೀಕ್ಷೆ ತೋರಿಸಿತು. 2002ರಲ್ಲಿ 10,000ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಮ್ಯಾಗ್‌ಪೈ ಅಧ್ಯಯನವು ಇದರಿಂದ ಫಿಟ್ಸ್ ಬರುವ ಸಂಭವ ಅರ್ಧಕ್ಕಿಂತ ಕೆಳಗಿಳಿಯುತ್ತದೆ ಎಂದು ಸಾಬೀತು ಮಾಡಿತು. ಇದು ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಕೇಂದ್ರ ಸರ್ಕಾರದ 2010ರ ಮಾರ್ಗಸೂಚಿಯ ಪ್ರಕಾರ ಹಳ್ಳಿಯ ಉಪಕೇಂದ್ರದ ಎಎನ್‌ಎಂ ಕೂಡ ಎರಡು ಪಿರ್ರೆಗಳಿಗೆ ತಲಾ 5 ಗ್ರಾಂನಂತೆ ಮೊದಲ ಡೋಸ್ ಚುಚ್ಚಿಯೇ ಮುಂದಕ್ಕೆ ಕಳುಹಿಸಬೇಕು. ಅಂದರೆ 50 ಪ್ರತಿಶತದ 2 ಮಿಲಿ ಆಂಪೂಲ್ ಹತ್ತು. ಹಳ್ಳಿಯ ಎಎನ್‌ಎಂಗೆ ಇರುವ ಅಧಿಕಾರ, ದೇಶದ ಅತ್ಯಂತ ಶ್ರೀಮಂತ ಪಾಲಿಕೆಯ ಹೆರಿಗೆ ಆಸ್ಪತ್ರೆಯ ಸಿಸ್ಟರಿಗೆ ಯಾಕಿಲ್ಲ?

ಸಿಸ್ಟರುಗಳನ್ನು ನಾವು ದೂರುತ್ತಿಲ್ಲ. ಅವರಲ್ಲೊಬ್ಬರು ನಮ್ಮೆದುರು ಕಣ್ಣೊರೆಸಿಕೊಂಡು, ಡಾಕ್ಟರಿಲ್ಲದೆ ಕೊಟ್ಟು ಉಸಿರು ನಿಂತರೆ ನನ್ನ ಕೆಲಸ ಹೋಗುತ್ತದೆ ಎಂದರು. ಆ ಭಯವನ್ನು ಕಳೆಯಬೇಕಾದವರು ತಾವು. ಮುಂದಿನ ಡೋಸ್‌ಗೆ ಮುನ್ನ ಮೊಣಕಾಲಿನ ಪ್ರತಿಕ್ರಿಯೆ, ಉಸಿರಿನ ಗತಿ, ಮೂತ್ರದ ಪ್ರಮಾಣ ನೋಡಬೇಕು. ಔಷಧ ಹೆಚ್ಚಾದರೆ ಕ್ಯಾಲ್ಸಿಯಂ ಗ್ಲೂಕೊನೇಟ್ ಕೊಡಬೇಕು. ಒಂದು ಮಧ್ಯಾಹ್ನದ ತರಬೇತಿಯಲ್ಲಿ ಕಲಿಸಬಹುದಾದ ಸಂಗತಿ ಇದು.

ಆದ್ದರಿಂದ ನಮ್ಮ ಮುಖ್ಯ ಬೇಡಿಕೆ ಇಂತಿದೆ. ಬಿಪಿ 160/110 ಮುಟ್ಟಿದ, ಅಥವಾ ಬಿಪಿ ಏರಿಕೆಯ ಜೊತೆಗೆ ತಲೆನೋವು, ಕಣ್ಣು ಮಬ್ಬು, ಮೇಲ್ಹೊಟ್ಟೆಯ ನೋವು ಇರುವ ಯಾವುದೇ ಗರ್ಭಿಣಿ ಅಥವಾ ಬಾಣಂತಿಯನ್ನು ಮ್ಯಾಗ್ನೀಸಿಯಂನ ಮೊದಲ ಡೋಸ್ ಕೊಡದೆ, ಬಿಪಿ ಇಳಿಸಲು ಲೆಬೆಟಲಾಲ್ ಅಥವಾ ನಿಫೆಡಿಪಿನ್ ಕೊಡದೆ ಹೊರಗೆ ಕಳುಹಿಸಕೂಡದು ಎಂದು ಲಿಖಿತ ಆದೇಶ ಹೊರಡಿಸಬೇಕು. ಕಳುಹಿಸುವ ಮುನ್ನ ಹಾಸಿಗೆ ಇದೆಯೇ ಎಂದು ಫೋನಿನಲ್ಲಿ ಖಚಿತಪಡಿಸಿಕೊಳ್ಳುವುದು ಆಸ್ಪತ್ರೆಯ ಕೆಲಸವೇ ಹೊರತು ಗಂಡನದಲ್ಲ. ಅವಳು ಆಂಬುಲೆನ್ಸಿನಲ್ಲಿ, ಸಿಸ್ಟರೊಬ್ಬರ ಜೊತೆ ಹೋಗಬೇಕು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಒಂದು ಸರ್ಕಾರಿ ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವುದು ಉಚಿತ. ಆಧಾರ್ ಕಾರ್ಡಿನಲ್ಲಿ ಕಲಬುರಗಿ, ವಿಜಯಪುರದ ವಿಳಾಸವಿದೆ ಎಂಬುದು ಅದಕ್ಕೆ ಅಡ್ಡಿಯಾಗಬಾರದು. ಸಮಯ, ಬಿಪಿ, ಕೊಟ್ಟ ಔಷಧ, ಕಳುಹಿಸಿದವರ ಹೆಸರು ಇರುವ ಅಚ್ಚಾದ ನಮೂನೆ ಜೊತೆಗಿರಬೇಕು. ಒಮ್ಮೆ ಕಳುಹಿಸಿದವಳನ್ನು ಎರಡನೆಯ ಆಸ್ಪತ್ರೆ ಬಾಗಿಲಿನಿಂದ ಹಿಂದಕ್ಕಟ್ಟಬಾರದು.

ಈ ಸಾವಿನ ಪರಿಶೀಲನೆ ತಾಯಿ ಮರಣ ಪರಿಶೀಲನೆಯ ನಿಯಮದಂತೆ ನಡೆದಿದೆಯೇ ಎಂಬುದು ಮನೆಯವರಿಗೆ ಗೊತ್ತಿಲ್ಲ. ಅತ್ತೆಯನ್ನು ಯಾರೂ ಬಂದು ಕೇಳಿಲ್ಲ. ಆ ಪರಿಶೀಲನೆ ಯಾರನ್ನೂ ಶಿಕ್ಷಿಸಲು ಇರುವುದಲ್ಲ ಎಂದು ಬಲ್ಲೆವು. ಯಾರ ತಲೆದಂಡವನ್ನೂ ನಾವು ಕೇಳುತ್ತಿಲ್ಲ. ಏನು ಕಂಡುಕೊಂಡಿರಿ, ಏನು ಬದಲಿಸಿದಿರಿ ಎಂಬುದನ್ನು ಲಿಖಿತವಾಗಿ ತಿಳಿಸಿ. 2024ರ ಏಪ್ರಿಲ್ ಕೊನೆಯಲ್ಲಿ ಭಾಂಡುಪ್‌ನ ಪಾಲಿಕೆ ಹೆರಿಗೆ ಆಸ್ಪತ್ರೆಯಲ್ಲಿ ಕರೆಂಟು ಹೋಗಿ ಮೊಬೈಲ್ ಬೆಳಕಿನಲ್ಲಿ ಸಿಸೇರಿಯನ್ ನಡೆಯಿತು, ತಾಯಿ ಮಗು ಇಬ್ಬರೂ ಹೋದರು ಎಂದು ಕುಟುಂಬ ಹೇಳಿದ್ದು ಪತ್ರಿಕೆಗಳಲ್ಲಿ ಬಂದಾಗ ನಗರವೆಲ್ಲ ಮಾತಾಡಿತು. ರಿಕ್ಷಾದಲ್ಲಿ ಫಿಟ್ಸ್ ಬಂದವಳ ಬಗ್ಗೆ ಯಾರೂ ಮಾತಾಡಲಿಲ್ಲ.

ಬಾಣಂತಿಯರ ಬಗ್ಗೆಯೂ ಒಂದು ಮಾತು. ಹೆರಿಗೆಯಾದ ಮೇಲೂ ಬಿಪಿ ಏರುತ್ತದೆ, ಮೊದಲ ವಾರದಲ್ಲಂತೂ ಅಪಾಯ ಹೆಚ್ಚು. ನಮ್ಮ ಹೆಣ್ಣುಮಕ್ಕಳು ಡಿಸ್ಚಾರ್ಜ್ ಆದ ಕೆಲವೇ ದಿನಗಳಲ್ಲಿ ಕೂಸನ್ನೆತ್ತಿಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಯಾದಗಿರಿ, ರಾಯಚೂರಿಗೆ ತವರಿಗೆ ಹೋಗುತ್ತಾರೆ. ಬಿಪಿ ಇದ್ದವರನ್ನು ಕಡೇಪಕ್ಷ 3 ದಿನ ಇಟ್ಟುಕೊಂಡು, ಗುಳಿಗೆ ಕೊಟ್ಟು, ಊರಿನ ಆಸ್ಪತ್ರೆಗೆ ತೋರಿಸಲು ಸ್ಪಷ್ಟ ಕಾಗದ ಕೊಡಬೇಕು. ಅಪಾಯದ ಲಕ್ಷಣಗಳನ್ನು ಕನ್ನಡದಲ್ಲೂ ಬರೆದು ಹಾಕಬೇಕು. ಹೆಚ್ಚು ಅಪಾಯವಿರುವವರಿಗೆ 20 ವಾರದೊಳಗೇ ಕಡಿಮೆ ಪ್ರಮಾಣದ ಆಸ್ಪಿರಿನ್, ಎಲ್ಲರಿಗೂ ಕ್ಯಾಲ್ಸಿಯಂ ಗುಳಿಗೆ, ಪ್ರತಿ ಭೇಟಿಯಲ್ಲೂ ಮೂತ್ರ ಪರೀಕ್ಷೆಯ ಪಟ್ಟಿ ಹೆಲ್ತ್ ಪೋಸ್ಟಿನಲ್ಲೇ ಸಿಗಬೇಕು.

ಇವುಗಳ ಜೊತೆಗೆ, ನಮ್ಮ ಭಾಗದಲ್ಲಿ ಕನ್ನಡ, ಮರಾಠಿ ಎರಡೂ ಬಲ್ಲ ಇಬ್ಬರು ಆರೋಗ್ಯ ಸೇವಿಕೆಯರನ್ನು ಹೆರಿಗೆ ಆಸ್ಪತ್ರೆಯಲ್ಲಿ ದುಭಾಷಿಗಳಾಗಿ ನೇಮಿಸಬೇಕು. ಅವರಲ್ಲೊಬ್ಬರು ಈ ಮನವಿಗೆ ಸಹಿ ಮಾಡಿದ್ದಾರೆ.

2018–20ರ ಲೆಕ್ಕದಲ್ಲಿ ಒಂದು ಲಕ್ಷ ಜನನಕ್ಕೆ ಮಹಾರಾಷ್ಟ್ರದಲ್ಲಿ 33 ತಾಯಂದಿರ ಸಾವು, ನಮ್ಮ ಕರ್ನಾಟಕದಲ್ಲಿ 69. ಮಹಾರಾಷ್ಟ್ರವೇ ಹೆಚ್ಚು ಸುರಕ್ಷಿತವೆಂದು ನಂಬಿಯೇ ಎಷ್ಟೋ ಕುಟುಂಬಗಳು ಸೊಸೆಯರನ್ನು ಹೆರಿಗೆಗೆ ಊರಿಗೆ ಕಳುಹಿಸದೆ ಇಲ್ಲೇ ಇರಿಸಿಕೊಳ್ಳುತ್ತಿವೆ. ಈಗ ನಮ್ಮ ಬಸ್ತಿಗಳಲ್ಲಿ ಇನ್ನೂ ಕೆಲವರು ತಿಂಗಳು ತುಂಬಿಕೊಂಡಿದ್ದಾರೆ. ಆದೇಶವನ್ನು ಈ ಮಳೆಗಾಲಕ್ಕೆ ಮುನ್ನ ಹೊರಡಿಸಿ, ಅದರ ಪ್ರತಿಯನ್ನು ಪ್ರತಿ ಹೆರಿಗೆ ಕೋಣೆಯ ಗೋಡೆಗೆ ಅಂಟಿಸಿ, ಒಂದು ಪ್ರತಿಯನ್ನು ನಮಗೂ ಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.

ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ಕುಟುಂಬಗಳು

ಪ್ರತಿ: ಕಾರ್ಯಕಾರಿ ಆರೋಗ್ಯ ಅಧಿಕಾರಿಗಳು, ಬೃಹನ್ಮುಂಬಯಿ ಮಹಾನಗರ ಪಾಲಿಕೆ.