ಚೀಟಿಯಲ್ಲಿ ಬರೆದಷ್ಟೇ

ಪ್ರಯೋಗಶಾಲೆಯಲ್ಲಿ ಪಾಠವಿದ್ದ ದಿನ ಅಟೆಂಡರ್ ಕೈಗೆ ಒಂದು ಚೀಟಿ ಕೊಡುವುದು ನನ್ನ ರೂಢಿ: ಬೀಕರ್ 4, ಲಿಟ್ಮಸ್ ಕಾಗದ, ಸತುವಿನ ಚೂರು. ಅವರು ಯಾವ ಬೀರುವಿನಿಂದ ತರುತ್ತಾರೋ ನನಗೆ ಬೇಕಿಲ್ಲ. ಬರೆದದ್ದು ಬರುತ್ತದೆ, ಬರೆಯದ್ದು ಬರುವುದಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದು ‘ಗ್ರಾಫ್‌ಕ್ಯೂಎಲ್’ ಎಂದರೇನೆಂದು ಹೇಳಿದಾಗ ಈ ಚೀಟಿಯೇ ನೆನಪಾಯಿತು.

ಮೊಬೈಲ್ ಪರದೆಯಲ್ಲಿ ಕಾಣುವ ಮಾಹಿತಿ ದೂರದ ಸರ್ವರ್‌ನಿಂದ ಬರುತ್ತದಷ್ಟೆ. ಅದನ್ನು ಕೇಳಲು ಹೆಚ್ಚು ಬಳಕೆಯಲ್ಲಿರುವ ‘ರೆಸ್ಟ್’ ಕ್ರಮವನ್ನು ರಾಯ್ ಫೀಲ್ಡಿಂಗ್ 2000ದಲ್ಲಿ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ನಿರೂಪಿಸಿದರು. ಇಲ್ಲಿ ಸಾಮಾನ್ಯವಾಗಿ ಒಂದೊಂದು ಬಗೆಯ ಮಾಹಿತಿಗೆ ಒಂದೊಂದು ವಿಳಾಸ. ಹುಡುಗನ ಹೆಸರು ಕೇಳಿದರೆ ಜಾತಕವೆಲ್ಲ ಬರುತ್ತದೆ. ಅಂಕ ಬೇಕಾದರೆ ಮತ್ತೊಂದು ವಿಳಾಸಕ್ಕೆ ಓಡಬೇಕು. ಫೇಸ್‌ಬುಕ್‌ನ ಲೀ ಬೈರನ್, ನಿಕ್ ಶ್ರಾಕ್, ಡ್ಯಾನ್ ಶೇಫರ್ 2012ರಲ್ಲಿ ಮೊಬೈಲ್‌ಗಾಗಿ ಚೀಟಿಯ ಕ್ರಮ ರೂಪಿಸಿದರು. 2015ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ಏನೇನು ಕೇಳಬಹುದೆಂಬ ಪಟ್ಟಿಗೆ ‘ಸ್ಕೀಮಾ’ ಎಂದು ಹೆಸರು.

ನಮ್ಮ ಹುಡುಗನ ತೊಂದರೆ ಬೇರೆ. ಶಾಲೆಗೊಂದು, ಕ್ಲಿನಿಕ್‌ಗೊಂದು, ಅಂಗಡಿಗೊಂದು ಎಂದು ಹತ್ತು ಸರ್ವರ್ ಬರೆದಿದ್ದ. ಒಂದರಲ್ಲಿ ತಿದ್ದಿದ ತಪ್ಪು ಉಳಿದ ಒಂಬತ್ತರಲ್ಲಿ ಹಾಗೇ ಇರುತ್ತಿತ್ತು. ಈಗ ಎಲ್ಲಕ್ಕೂ ನಡುವೆ ಒಬ್ಬನೇ ಅಟೆಂಡರ್. ಪ್ರತಿ ಯೋಜನೆಯ ಕೋಷ್ಟಕಗಳ ವಿವರವನ್ನು ದಾಖಲಿಸಿಟ್ಟಿದ್ದಾನೆ. ಚೀಟಿ ಬಂದಾಗ ಅದು ಯಾವ ಯೋಜನೆಯದೆಂದು ನೋಡಿ ಸರ್ವರ್ ತಾನೇ ಸ್ಕೀಮಾ ಕಟ್ಟುತ್ತದೆ. ಹೊಸ ಕಾಲಂ ಸೇರಿಸಲು ಪ್ರೋಗ್ರಾಂ ಮುಟ್ಟಬೇಕಿಲ್ಲ.

“ಚೆನ್ನಾಗಿದೆಯಪ್ಪಾ, ಆದರೆ ಎಂಟನೇ ತರಗತಿಯವನು ಗಂಧಕಾಮ್ಲ ಎಂದು ಬರೆದು ಕಳಿಸಿದರೆ?” ಎಂದೆ. ನಕ್ಕ. ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಕೊಡುವಂತಿಲ್ಲ. ಕೇಳುವವನಾರೆಂದು ಕಾಲಂ ಕಾಲಂಗೂ ನೋಡಬೇಕು.

ಲೆಕ್ಕದ ಅಪಾಯವೂ ಇದೆ. ಒಬ್ಬನಿಗೆ 100 ಮಿತ್ರರೆಂದು ಇಟ್ಟುಕೊಳ್ಳಿ. ಮಿತ್ರರ ಮಿತ್ರರ ಮಿತ್ರರನ್ನು ಕೊಡು ಎಂದು ಮೂರು ಹಂತಕ್ಕೆ ಕೇಳಿದರೆ ಹತ್ತು ಲಕ್ಷ ಹೆಸರು! ಚೀಟಿ ಮಾತ್ರ ನಾಲ್ಕೇ ಸಾಲು. ಆದ್ದರಿಂದ ಆಳಕ್ಕೆ ಮಿತಿ ಹಾಕಬೇಕು. ಇನ್ನೊಂದು, 40 ಮಕ್ಕಳ ಪಟ್ಟಿಗೆ ಒಮ್ಮೆ, ಪ್ರತಿಯೊಬ್ಬರ ಪೋಷಕರ ಹೆಸರಿಗೆ ಒಂದೊಂದು ಸಲ, ಹೀಗೆ ಬೀರುವಿಗೆ 41 ಬಾರಿ ಓಡಾಟ. ಎಲ್ಲ ಪೋಷಕರನ್ನೂ ಒಟ್ಟಿಗೆ ತಂದರೆ ಎರಡೇ ಸಲ ಸಾಕು. ‘ಡೇಟಾಲೋಡರ್’ ಎಂಬ ಸಾಧನ ಮಾಡುವುದು ಇದನ್ನೇ. (ನಮ್ಮ ಅಟೆಂಡರಿಗೆ ಇದನ್ನು ಯಾರೂ ಕಲಿಸಿಲ್ಲ. ಮೊಣಕಾಲು ನೋವು ಕಲಿಸಿದೆ.)

ಪ್ರತಿ ಸಲ ಸ್ಕೀಮಾ ಕಟ್ಟಿದರೆ ತಡವಾಗುತ್ತದೆಂದು ಒಮ್ಮೆ ಕಟ್ಟಿದ್ದನ್ನೂ ಕೊಟ್ಟ ಉತ್ತರವನ್ನೂ ನೆನಪಿನಲ್ಲಿ ಇಡುವುದುಂಟು. ಯೋಜನೆಯ ವಿವರ ಬದಲಾದರೆ ಹಳೆಯದನ್ನು ಬಿಸಾಡಬೇಕು. ಹುಡುಗ ಎಡವಿದ್ದು ಇಲ್ಲೇ. ಶಾಲೆಗೂ ಕ್ಲಿನಿಕ್‌ಗೂ ‘ಬಳಕೆದಾರರು’ ಎಂಬ ಕೋಷ್ಟಕವಿತ್ತು. ಇಟ್ಟ ಉತ್ತರದ ಮೇಲಿನ ಲೇಬಲ್ಲಿನಲ್ಲಿ ಚೀಟಿಯ ಪಾಠವಿತ್ತೇ ಹೊರತು ಯೋಜನೆಯ ಹೆಸರಿರಲಿಲ್ಲ. ಪರೀಕ್ಷಿಸುತ್ತಿದ್ದಾಗ ಶಾಲೆಯ ಪರದೆಯ ಮೇಲೆ ರೋಗಿಗಳ ಹೆಸರು ಮೂಡಿದವು.

“ನಿಜವಾದ ರೋಗಿಗಳೇನೋ?” ಎಂದು ಕೇಳಿದೆ.

“ಇಲ್ಲ ಸಾರ್, ಪರೀಕ್ಷೆಗೆಂದು ನಾವೇ ಹಾಕಿದ್ದ ಹೆಸರುಗಳು. ಸರಿಪಡಿಸಲು ಒಂದೇ ಸಾಲು ಬೇಕಾಯಿತು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.”