ಸೂಜಿ ಪುಟ್ಟಿಗೆ, ಸಮಾಧಾನ ನನಗೆ

ನಮ್ಮ ಮನೆಯ ನಾಯಿಯ ಹೆಸರು ಪುಟ್ಟಿ. ಜಾತಿ ಲ್ಯಾಬ್ರಡಾರ್, ತೂಕ 38 ಕಿಲೋ. ಮಕ್ಕಳು ನೌಕರಿಗೆಂದು ಊರು ಬಿಟ್ಟ ಮೇಲೆ ಅವರ ಪಾಲಿನ ದೋಸೆ, ತುಪ್ಪವೆಲ್ಲ ಇವಳ ಹೊಟ್ಟೆ ಸೇರಿ, ಇವಳು ಹೆಸರಿಗಷ್ಟೇ ಪುಟ್ಟಿಯಾಗಿ ಉಳಿದಳು. ಎಂಟು ವರ್ಷದವಳಾಗಿದ್ದಾಗ ಒಂದು ಬೆಳಿಗ್ಗೆ ಹಿಂದಿನ ಎಡಗಾಲನ್ನು ನೆಲಕ್ಕೆ ಊರದೆ ಕುಂಟತೊಡಗಿದಳು.

ನಮ್ಮ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಆದರೂ ನಾನು ಅಲ್ಲಿಗೆ ಹೋಗಲಿಲ್ಲ. "ಇಂಗ್ಲಿಷ್ ಮಾತ್ರೆ ನುಂಗಿಸಿದ್ರೆ ಕಿಡ್ನಿ ಹೋಗುತ್ತೆ ಕಣ್ರೀ" ಎಂದು ಪಕ್ಕದ ಮನೆಯವರು ಹೆದರಿಸಿದರು. ನಾಯಿಗಳಿಗೂ ಅಕ್ಯುಪಂಕ್ಚರ್ ಮಾಡುವವರೊಬ್ಬರ ವಿಳಾಸವನ್ನೂ ಅವರೇ ಕೊಟ್ಟರು. ಆ ಮಹಾಶಯರು ಮನೆಗೇ ಬಂದರು. ಮೃದು ಮಾತು, ಆತುರವಿಲ್ಲ. ಪುಟ್ಟಿಯ ತಲೆ ಸವರಿ, "ಶಕ್ತಿಯ ಹರಿವಿಗೆ ಅಡ್ಡಿಯಾಗಿದೆ ಅಮ್ಮ" ಎಂದರು. ಬೆನ್ನಿಗೆ, ಸೊಂಟಕ್ಕೆ ಕೂದಲಿನಷ್ಟು ತೆಳುವಾದ ಸೂಜಿಗಳನ್ನು ಚುಚ್ಚಿದರು. ಪುಟ್ಟಿ ಅಲ್ಲಾಡದೆ ಮಲಗಿದಳು. ಅರ್ಧ ಗಂಟೆ ನನ್ನ ಸಂಕಟವನ್ನೂ ಕೇಳಿಸಿಕೊಂಡರು. ಸುಳ್ಳೇಕೆ ಹೇಳಲಿ, ನನ್ನ ಮನೆಯಲ್ಲಿ ಯಾರೂ ಅಷ್ಟು ಹೊತ್ತು ನನ್ನ ಮಾತು ಕೇಳಿದ್ದಿಲ್ಲ.

ವಾರಕ್ಕೊಂದು ಸಲದಂತೆ ಮೂರು ತಿಂಗಳು ನಡೆಯಿತು. ಕಂಡವರಿಗೆಲ್ಲ "ಪುಟ್ಟಿ ಎಷ್ಟೋ ವಾಸಿ" ಎಂದು ಹೇಳಿಕೊಂಡು ತಿರುಗಿದೆ. ದೀಪಾವಳಿಗೆ ಬಂದ ಮಗ ಒಂದೇ ದಿನ ನೋಡಿ, "ಅಮ್ಮಾ, ಇವಳು ಮೆಟ್ಟಿಲು ಹತ್ತೋದನ್ನೇ ಬಿಟ್ಟಿದಾಳಲ್ಲೇ!" ಎಂದ. ಹೌದು, ಬಿಟ್ಟಿದ್ದಳು. ವಯಸ್ಸಿಗೆ ತಕ್ಕ ಗಾಂಭೀರ್ಯ ಬಂತೆಂದು ನಾನು ಅರ್ಥ ಮಾಡಿಕೊಂಡಿದ್ದೆ.

ಅವನೇ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಮೊದಲು ಮಾಡಿದ ಕೆಲಸ, ಆ ಮೊಣಕಾಲನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಸರಿಸಿ ನೋಡಿದ್ದು. ಮೂಳೆ ಜಾರುತ್ತಿತ್ತು. ಒಳಗಿನ ಲಿಗಮೆಂಟು ಹರಿದು ತಿಂಗಳುಗಳೇ ಆಗಿವೆ, ತೊಡೆಯ ಮಾಂಸ ಕರಗಿದೆ, ಕೀಲು ಸವೆಯತೊಡಗಿದೆ ಎಂದರು. ಅಷ್ಟು ತಿಳಿಯಲು ಎರಡು ನಿಮಿಷ ಸಾಕಾಯಿತು. ಮೂರು ತಿಂಗಳಲ್ಲಿ ಸೂಜಿಯವರು ಆ ಮೊಣಕಾಲನ್ನು ಒಮ್ಮೆಯೂ ಮುಟ್ಟಿರಲಿಲ್ಲ.

"ಸೂಜಿಯಿಂದ ಗುಣ ಆಗದಿದ್ರೂ ಕೆಡುಕಂತೂ ಇಲ್ವಲ್ಲ" ಎಂದು ಈಗಲೂ ವಾದಿಸುವ ಗೆಳತಿಯರಿದ್ದಾರೆ. ನನ್ನ ಜಗಳ ಇರುವುದೇ ಈ ಮಾತಿನೊಡನೆ. ಕೆಡುಕು ಸೂಜಿಯಲ್ಲಿ ಇರಲಿಲ್ಲ, ಆ ಮೂರು ತಿಂಗಳಲ್ಲಿತ್ತು. ನಾನು ಸಮಾಧಾನದಿಂದ ನಿದ್ದೆ ಮಾಡಿದಷ್ಟು ರಾತ್ರಿಗಳನ್ನು ಅವಳು ನೋವಿನಲ್ಲಿ ಕಳೆದಳು.

ಇದು ನನ್ನೊಬ್ಬಳ ದಡ್ಡತನವಲ್ಲ ಎಂಬುದು ಆಮೇಲೆ ಗೊತ್ತಾಯಿತು. ಅಮೆರಿಕದ ಕಾನ್ಜೆಮಿಯಸ್ ಮತ್ತು ಇವಾನ್ಸ್ ಎಂಬ ಸಂಶೋಧಕರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೀಲುನೋವಿನಿಂದ ಕುಂಟುವ ನಾಯಿಗಳಿಗೆ ಔಷಧವೇ ಇಲ್ಲದ ಹುಸಿಮಾತ್ರೆ ಕೊಟ್ಟಿದ್ದರು. ಕಾಲು ನೆಲದ ಮೇಲೆ ಎಷ್ಟು ಭಾರ ಊರುತ್ತದೆಂದು ಅಳೆಯುವ ಯಂತ್ರ ಏನೂ ಸುಧಾರಿಸಿಲ್ಲವೆಂದು ತೋರಿಸಿದರೂ ಎಷ್ಟೋ ಮಂದಿ ಯಜಮಾನರು "ವಾಸಿ" ಎಂದರಂತೆ. ಪಶುವೈದ್ಯರೂ ಈ ಭ್ರಮೆಗೆ ಹೊರತಾಗಿರಲಿಲ್ಲ. ಅಕ್ಯುಪಂಕ್ಚರಿನ ವಿಷಯಕ್ಕೇ ಬಂದರೆ, ಪ್ರಾಣಿಗಳ ಮೇಲೆ ಅದುವರೆಗೆ ನಡೆದಿದ್ದ ಪ್ರಯೋಗಗಳನ್ನೆಲ್ಲ 2006ರಲ್ಲಿ ಒಟ್ಟಾಗಿ ಪರಿಶೀಲಿಸಿದವರು, ಮಾಡಿಸಿ ಎನ್ನಲೂ ಬೇಡ ಎನ್ನಲೂ ಗಟ್ಟಿ ಪುರಾವೆ ಇಲ್ಲವೆಂದರು. ಅಷ್ಟು ಅನುಮಾನದ ಚಿಕಿತ್ಸೆಯನ್ನು ಎಷ್ಟು ಖಾತ್ರಿಯಿಂದ ಮಾರುತ್ತಾರೆ ನೋಡಿ!

ನಾನು ಹಳೆಯದರ ವೈರಿಯಲ್ಲ. ಹಸುವಿನ ಕೆಚ್ಚಲು ಬಾವಿಗೆ ಲೋಳೆಸರ, ಅರಿಸಿನ, ಸುಣ್ಣ ಅರೆದು ಹಚ್ಚುವುದನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ಹೇಳಿಕೊಡುತ್ತದೆ. ಅಲ್ಲಿ ಬಾವು ಇಳಿಯಿತೋ ಇಲ್ಲವೋ ಕಣ್ಣಿಗೆ ಕಾಣುತ್ತದೆ, ಹಾಲನ್ನು ಪರೀಕ್ಷಿಸಬಹುದು. ಆದರೆ 'ಮನೆಮದ್ದು ತಾನೆ' ಎಂದು ನಾಯಿಗೆ ಈರುಳ್ಳಿ ರಸ ಕುಡಿಸಿದರೆ ಅದರ ರಕ್ತಕಣಗಳೇ ಒಡೆಯುತ್ತವೆ. ನಮ್ಮ ಜ್ವರದ ಪ್ಯಾರಾಸಿಟಮಾಲ್ ಬೆಕ್ಕಿನ ಪಾಲಿಗೆ ವಿಷ. ನಾಟಿ, ಇಂಗ್ಲಿಷ್ ಎಂಬ ಭೇದ ಆ ಮೂಕಪ್ರಾಣಿಯ ರಕ್ತಕ್ಕೆ ಗೊತ್ತಿಲ್ಲ.

ಒಂದು ಮಾತು ನಮ್ಮ ನಮ್ಮಲ್ಲಿ. ಬಾಣಂತನದಲ್ಲಿ ಸೊಂಟ ಮುರಿದು ಹೋಗುವಂತಿದ್ದಾಗ, "ಕಷಾಯ ಕುಡಿದ್ಯಲ್ಲ, ಈಗ ಮುಖ ಎಷ್ಟು ಗೆಲುವಾಗಿದೆ" ಎಂದು ಮನೆಯವರೇ ತೀರ್ಮಾನ ಕೊಟ್ಟದ್ದು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿಲ್ಲ? ನಮ್ಮ ನೋವಿನ ಲೆಕ್ಕವನ್ನು ಬೇರೆಯವರು ಬರೆದಾಗ ಹೇಗಿರುತ್ತದೆಂದು ನಮಗೆ ಗೊತ್ತು. ನಮಗಾದರೂ ಬಾಯಿತ್ತು. ಪುಟ್ಟಿಗೆ ಅದೂ ಇಲ್ಲ. ಅಂಥವಳಿಗೆ ನಾನು ಅತ್ತೆಯಾಗಿ ಕೂತುಬಿಟ್ಟೆನಲ್ಲ!

ಅದಕ್ಕೇ ಹೇಳುತ್ತೇನೆ. ಯಾವ ಚಿಕಿತ್ಸೆಯಾದರೂ ಆಗಲಿ, ಮೊದಲು ಕಾಯಿಲೆ ಯಾವುದೆಂದು ಕೇಳಿ. ಚಿಕಿತ್ಸೆ ಮಾಡುವವರು ನೋಂದಾಯಿತ ಪಶುವೈದ್ಯರೇ ಎಂದೂ ಕೇಳಿ. 1984ರ ಕಾಯ್ದೆ ಅವರಿಗಷ್ಟೇ ಈ ವೃತ್ತಿಯ ಹಕ್ಕು ಕೊಟ್ಟಿದೆ. ಮಾತ್ರೆಯ ಭಯವಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಮತ್ತೆ, ನಿಮಗೆ ಅನ್ನಿಸಿದ್ದನ್ನು ನಂಬಬೇಡಿ, ಕಂಡದ್ದನ್ನು ಬರೆದಿಡಿ.

ಈಗ ಪುಟ್ಟಿ 31 ಕಿಲೋ. ದೋಸೆ ನಿಂತಿದೆ, ಡಾಕ್ಟರು ಕೊಟ್ಟ ಮಾತ್ರೆ ನಡೆದಿದೆ. ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟಗಳಲ್ಲಿ ಅವಳ ಲೆಕ್ಕವೂ ಇದೆ. ನಿನ್ನೆಯದು ಹೀಗಿದೆ: ಮೆಟ್ಟಿಲು ನಾಲ್ಕು, ಐದನೆಯದರಲ್ಲಿ ನಿಂತಳು, ಕುಂಟು ಇದೆ. "ವಾಸಿ" ಎಂಬ ಪದವನ್ನು ಆ ಪುಸ್ತಕದಲ್ಲಿ ನಾನು ಬರೆಯುವುದಿಲ್ಲ.